ರತ್ನಮ್ಮನ ಚಂದ್ರಿಕೆ ಕಡಲು ದಾಟಿದ್ದು

ಶ್ರೀನಿವಾಸಪುರ

ನಮ್ಮ ಹುಳದ ಮನೆಯೊಳಗೆ ನನ್ನ ಸ್ವಂತ ಅಳಿಯನಿಗೆ ಪ್ರವೇಶವಿಲ್ಲ. ಅವನು ಮಾಲೂರಿನವನು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಸಭ್ಯ ಮನುಷ್ಯ, ಕುಡಿತವಿಲ್ಲ, ಬೀಡಿಯಿಲ್ಲ. ಆದರೆ ಮದುವೆಯಾದ ಹೊಸದರಲ್ಲಿ ಒಮ್ಮೆ ಬಾಗಿಲಲ್ಲಿ ಇಣುಕಿ, "ಅಬ್ಬಬ್ಬಾ, ಏನ್ ಮಾವ, ರೇಷ್ಮೆ ಹುಳ ಸಖತ್ತಾಗವೆ!" ಎಂದುಬಿಟ್ಟ. ಆ ಬೆಳೆಯಷ್ಟೂ ಸಪ್ಪೆ ರೋಗ ತಗುಲಿ ತಿಪ್ಪೆ ಸೇರಿತು. ಅಂದಿನಿಂದ ಅವನು ಬಂದರೆ ಹುಣಸೆ ಮರದ ಕೆಳಗೆ ಕುರ್ಚಿ, ಕಾಫಿ, ಸಕಲ ಮರ್ಯಾದೆ. ಎಲ್ಲವೂ ಬಾಗಿಲಿನ ಆಚೆಗೆ.

ಶ್ರೀನಿವಾಸಪುರದ ಸುತ್ತ ರೇಷ್ಮೆ ಬೆಳೆಯುವವರಲ್ಲಿ ಎಲ್ಲೂ ಬರೆದಿಡದ ಒಂದು ಶಾಸನವಿದೆ. ಹುಳ ಮನೆಯಲ್ಲಿರುವಾಗ ಬೆಳೆ ಚೆನ್ನಾಗಿದೆ ಎಂದು ಯಾರೂ ಹೇಳಕೂಡದು. ಕೇಳಿದರೆ "ಏನೋ ಅವೆ" ಎನ್ನಬೇಕು. ತೀರಾ ಚೆನ್ನಾಗಿದ್ದರೆ "ಈ ಸಲ ಕೈ ಕೊಡೋ ಹಂಗವೆ" ಎನ್ನಬೇಕು. ಕೇಳಿದವನೂ ಕಸುಬಿನವನೇ ಆಗಿದ್ದರೆ ಅದರ ಅರ್ಥ ತಿಳಿದು, ಒಳಗೊಳಗೇ ಹೊಟ್ಟೆ ಉರಿದುಕೊಂಡು, "ಅಯ್ಯೋ ಪಾಪ" ಎಂದು ಮುಂದೆ ಹೋಗುತ್ತಾನೆ. ನಾನು ವಿಚಾರವಾದಿ, ಗ್ರಹಣದ ಹೊತ್ತಿನಲ್ಲೇ ಹೊಟ್ಟೆ ತುಂಬ ಉಣ್ಣುವವನು. ಆದರೆ ಹುಳ ವಿಚಾರವಾದಿಯಲ್ಲ. ಅದಕ್ಕೆ ನಾನೇನು ಮಾಡಲಿ?

ಇಂಥ ನಾನು ಇಟಲಿಗೆ ಹೋಗಿ ಬಂದೆ. ಕಾರಣ ರತ್ನಮ್ಮ.

ಮುನಿರತ್ನಮ್ಮ ಎಂಬುದು ಪೂರ್ತಿ ಹೆಸರು. ನಮ್ಮಲ್ಲಿನ ಮೇದರ ಬೀದಿಯಲ್ಲಿ ಇನ್ನೂ ಚಂದ್ರಿಕೆ ಹೆಣೆಯುವವಳು ಅವಳೊಬ್ಬಳೇ. ಚಂದ್ರಿಕೆ ಎಂದರೆ ಬೇರೇನಲ್ಲ: ಬಿದಿರಿನ ತಟ್ಟಿ, ಅದರ ಮೇಲೆ ಎರಡು ಬೆರಳಗಲದ ಹೆಣೆದ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಮೇಯುವುದು ಮುಗಿದು ಹಣ್ಣಾದ ಹುಳವನ್ನು ಆ ಸುತ್ತುಗಳ ನಡುವೆ ಬಿಟ್ಟರೆ ಅಲ್ಲೇ ಗೂಡು ಕಟ್ಟುತ್ತದೆ. ಈಗ ಮಡಚಿಡುವ ಪ್ಲಾಸ್ಟಿಕ್ ಚಂದ್ರಿಕೆ ಬಂದು, ಬೀದಿಯ ಉಳಿದ ಮನೆಗಳವರು ಮಚ್ಚು ಕೆಳಗಿಟ್ಟಿದ್ದಾರೆ. ಬೆಳಗಾದರೆ ಕಾರ್ಖಾನೆಯ ವ್ಯಾನು ಬೀದಿಯ ತುದಿಯಲ್ಲಿ ನಿಂತು ಹಾರನ್ ಹೊಡೆಯುತ್ತದೆ. ಹೆಂಗಸರು ಊಟದ ಡಬ್ಬಿ ಹಿಡಿದು ಓಡುತ್ತಾರೆ. ರತ್ನಮ್ಮನ ಮನೆಯ ಮುಂದೆ ಚಾಲಕ, ನೀನೂ ಬಾ ಎನ್ನುವ ಹಾಗೆ, ಒಂದು ಹಾರನ್ ಹೆಚ್ಚಿಗೆ ಹೊಡೆಯುವುದು ರೂಢಿ.

ಈ ಹೊತ್ತಿನಲ್ಲಿ ಬೆಂಗಳೂರಿನಿಂದ ಶಾಲಿನಿ ಎಂಬ ಹುಡುಗಿ ಬಂದಳು. ಹಳೆಯ ಕಸುಬುಗಳನ್ನು ಕಂಪ್ಯೂಟರಿಗೆ ಏರಿಸುವ ಸಂಸ್ಥೆಯೊಂದರ ಕೆಲಸ ಅವಳದು. ವಸ್ತುವನ್ನು ಎಲ್ಲ ಮಗ್ಗುಲಿಂದ ಚಿತ್ರ ಹಿಡಿದು, ಹೆಣೆದವರ ದನಿ ಸೇರಿಸಿ, ಪ್ರಪಂಚದವರೆಲ್ಲ ಮನೆಯಲ್ಲೇ ಕೂತು ನೋಡುವಂತೆ, ಬೇಕಾದರೆ ಕೊಳ್ಳುವಂತೆ ಮಾಡುತ್ತಾರಂತೆ. ಇಟಲಿಯಲ್ಲಿ ಅದರ ಮೇಳ. ಹೆಣೆಯುವವರು ಒಬ್ಬರು, ಬಳಸುವವರು ಒಬ್ಬರು ಬರಬೇಕು.

"ಎಲ್ಲ ಮಗ್ಗುಲಿಂದ ಚಿತ್ರ ಯಾಕಮ್ಮಾ?" ಎಂದೆ.

"ತ್ರೀಡಿ ಸ್ಕ್ಯಾನ್ ಅಂಕಲ್. ಒಂದು ಎಳೆಯೂ ತಪ್ಪದ ಹಾಗೆ ಬರುತ್ತೆ."

ಒಂದು ಎಳೆಯೂ ತಪ್ಪದ ಹಾಗೆ ಬಂದರೆ ಮುಂದೆ ಏನಾಗುತ್ತದೆ ಎಂದು ಊಹಿಸಲು ದೊಡ್ಡ ಓದು ಬೇಕಿಲ್ಲ. ಯಾವುದೋ ಅಚ್ಚಿನಲ್ಲಿ ಪ್ಲಾಸ್ಟಿಕ್ ಸುರಿದರೆ ರತ್ನಮ್ಮನ ಚಂದ್ರಿಕೆ ರತ್ನಮ್ಮನಿಲ್ಲದೆಯೇ ಹುಟ್ಟುತ್ತದೆ. ಇದನ್ನು ಅವಳಿಗೆ ಹೇಳಿದೆ.

"ಕದ್ಕೊಳ್ಳೋರು ಕದ್ಕೊಳ್ಳಲಿ ಬಿಡಣ್ಣಯ್ಯ," ಎಂದಳು ಬಿದಿರು ಸೀಳುತ್ತಲೇ. "ಯಾವನೂ ಕದಿಯೋಕೂ ಬರ್ತಿರಲಿಲ್ಲ ಇಷ್ಟ್ ದಿನ. ಇದೊಂದು ನೋಡ್ತೀನಿ. ಆರ್ಡರ್ ಬಂತೋ, ಹೆಣೀತೀನಿ. ಬರಲಿಲ್ವೋ, ಮಚ್ಚು ಅಟ್ಟದ ಮೇಲಿಟ್ಟು ವ್ಯಾನ್ ಹತ್ತೋದೇ. ಕ್ಯಾಂಟೀನಲ್ಲಿ ತಟ್ಟೆ ತೊಳೆಯೋ ಕೆಲ್ಸ ಐತಂತೆ."

ಕದಿಯುವುದಾದರೆ ನನ್ನ ಕಣ್ಣೆದುರಿಗೇ ಕದಿಯಲಿ ಎಂಬ ಏಕೈಕ ಉದ್ದೇಶದಿಂದ ನಾನು ಹೊರಟೆ. ಮನೆಯಲ್ಲಿ ಹುಳ ಮೂರನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಬಿಟ್ಟು ಮಂಕಾಗಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹೆಂಡತಿಗೆ ಸೊಪ್ಪಿನ ವಿಚಾರ, ಗಾಳಿಯ ವಿಚಾರ, ಅಳಿಯನ ವಿಚಾರ ಎಲ್ಲ ಹೇಳಿ, ಕುರುಡುಮಲೆ ಗಣಪನಿಗೆ ಕೈ ಮುಗಿದು ಬಂದೆ. ಆತನ ಗಾತ್ರ ನೋಡಿದರೆ ಯಾವ ಯಂತ್ರವೂ ಎಲ್ಲ ಮಗ್ಗುಲಿಂದ ಹಿಡಿಯಲಾರದು ಎಂಬ ಧೈರ್ಯ ಬರುತ್ತದೆ.

ವಿಮಾನ ನಿಲ್ದಾಣ

ಹೊರಡುವ ದಿನ ಶಾಲಿನಿ ಕಾಲು ಉಳುಕಿಸಿಕೊಂಡಳು. ನಿಲ್ದಾಣದ ಬಾಗಿಲವರೆಗೆ ಕುಂಟುತ್ತ ಬಂದು, ತನ್ನ ಬದಲಿಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ನನ್ನ ಕೈಗಿಟ್ಟಳು. ಕನ್ನಡದಲ್ಲಿ ಮಾತಾಡಿದರೆ ಅವರ ಭಾಷೆಯಲ್ಲಿ ನುಡಿಯುತ್ತದೆ. ಅವರು ಮಾತಾಡಿದರೆ ಕನ್ನಡದಲ್ಲಿ ನುಡಿಯುತ್ತದೆ. "ಪರ್ಫೆಕ್ಟ್ ಅಂಕಲ್, ನನಗಿಂತ ಚೆನ್ನಾಗಿ ಹೇಳುತ್ತೆ," ಎಂದಳು. ತನಗಿಂತ ಚೆನ್ನಾಗಿ ತನ್ನ ಕೆಲಸ ಮಾಡುವ ವಸ್ತುವನ್ನು ನಗುನಗುತ್ತಾ ಕೊಡುವವರನ್ನು ನಾನು ಅವತ್ತೇ ಮೊದಲು ನೋಡಿದ್ದು.

ನಿಜವಾದ ಚಂದ್ರಿಕೆ ಆಳೆತ್ತರ ಇರುತ್ತದೆ. ವಿಮಾನಕ್ಕಾಗಿ ರತ್ನಮ್ಮ ತೊಟ್ಟಿಲಗಲದ ಒಂದನ್ನು ಹೆಣೆದು ಕಂಬಳಿಯಲ್ಲಿ ಸುತ್ತಿದ್ದಳು. ತಪಾಸಣೆಯ ಪರದೆಯ ಮೇಲೆ ಅದು ಸುರುಳಿ ಸುರುಳಿಯಾಗಿ ಮೂಡಿದ್ದೇ ಸಿಬ್ಬಂದಿಯ ಮುಖ ಬಿಗಿಯಿತು.

"ಏನಮ್ಮಾ ಇದು?"

"ಹುಳ ಬಿಡೋದು ಸಾಮೀ."

ವಿಮಾನ ನಿಲ್ದಾಣದಲ್ಲಿ ಹೇಳಬಹುದಾದ ಉತ್ತರಗಳಲ್ಲಿ ಇದು ಉತ್ತಮವಾದದ್ದಲ್ಲ. ಇನ್ನಿಬ್ಬರು ಬಂದರು. ಕಂಬಳಿ ಬಿಚ್ಚಿದರು, ಮೂಸಿದರು, ಬಿಳಿ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಇನ್ನೊಂದು ಯಂತ್ರಕ್ಕೆ ತಿನ್ನಿಸಿದರು. ಅವರಲ್ಲಿ ದಪ್ಪ ಮೀಸೆಯವನೊಬ್ಬ ಚಂದ್ರಿಕೆಯ ಒಂದೊಂದು ಸುತ್ತಿಗೂ ಬೆರಳು ಹಾಕಿ ನೋಡಿದ. ನೋಡಿ ಮುಗಿದ ಮೇಲೂ ನಂಬಲಿಲ್ಲ. ಅನುಮಾನದಲ್ಲಿ ನನಗೆ ಸರಿಸಮಾನನಾದ ಮನುಷ್ಯ. ನನ್ನ ಹುಳದ ಮನೆಗೆ ಕಾವಲಿಗೆ ಬರುತ್ತೀಯಾ ಎಂದು ಕೇಳುವ ಮನಸ್ಸಾಯಿತು. ಕೊನೆಗೆ ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ರೀ, ಅದು ಚಂದ್ರಿಕೆ ಕಣ್ರೀ, ನಮ್ಮ ಅಜ್ಜಿ ಮನೇಲಿ ರಾಶಿ ಇತ್ತು, ಬಿಡ್ರೀ ಅವರನ್ನ," ಎಂದು ಗದರಿದ ಮೇಲೆ ಬಿಟ್ಟ. ಬಿಟ್ಟರೂ, ನಾವು ತಿರುವು ದಾಟುವವರೆಗೆ ನೋಡುತ್ತಲೇ ನಿಂತಿದ್ದ. ಕಸುಬಿನ ಗೌರವ ಉಳಿಸಿದ.

ಸರೋವರದ ಊರು

ಉತ್ತರ ಇಟಲಿಯಲ್ಲಿ, ಸರೋವರವೊಂದರ ದಂಡೆಯಲ್ಲಿ, ಬೆಟ್ಟಕ್ಕೆ ಒರಗಿಕೊಂಡು ಕೂತಿರುವ ಊರು. ನೀರು ತುಂಬಿದ ದೇವರಾಯಸಮುದ್ರದ ಕೆರೆಯನ್ನು ನೋಡಿ ಬೆರಗಾದವನು ನಾನು; ಇಲ್ಲಿ ಏರಿಯೇ ಇಲ್ಲದೆ, ಯಾವ ರಾಜನೂ ಕಟ್ಟಿಸದೆ, ಅಷ್ಟು ನೀರು ಸುಮ್ಮನೆ ನಿಂತಿದೆ. ತೂಬು ಎಲ್ಲಿದೆ ಎಂದು ಹುಡುಕಿದೆ. ಸಿಗಲಿಲ್ಲ. ತೂಬಿಲ್ಲದ ನೀರನ್ನು ನಂಬುವುದು ಹೇಗೆ?

ನಮ್ಮನ್ನು ಕರೆದೊಯ್ಯಲು ಬಂದವನು ಮಾರ್ಕೊ, ಮೇಳದ ಯಂತ್ರಗಳನ್ನು ನೋಡಿಕೊಳ್ಳುವವನು. ಗಡ್ಡಧಾರಿ, ನಗುಮೊಗದವನು. ಅವನು ಕುಡಿಸಿದ ಕಾಫಿ ಔಷಧಿಯ ಮುಚ್ಚಳದಷ್ಟಿತ್ತು. ರತ್ನಮ್ಮ ಒಂದೇ ಗುಟುಕಿಗೆ ಮುಗಿಸಿ, ಮಿಕ್ಕಿದ್ದು ಯಾವಾಗ ಬರುತ್ತದೆ ಎಂದು ಬಹಳ ಹೊತ್ತು ಕಾದಳು. ರಾತ್ರಿಯೂಟಕ್ಕೆ ಮುಸುಕಿನ ಜೋಳದ ಹಿಟ್ಟನ್ನು ಬೇಯಿಸಿ ತೊಳಸಿದ ಹಳದಿ ಮುದ್ದೆ ತಂದಿಟ್ಟರು. ಅವಳ ಮುಖ ಅರಳಿತು. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಸಾರಿನಂಥದ್ದರಲ್ಲಿ ಹೊರಳಿಸಿ, ಅಗಿಯದೆ ನುಂಗಿದಳು. ಬಡಿಸುವವನು ತಟ್ಟೆ ಹಿಡಿದು ನಿಂತಲ್ಲೇ ನಿಂತ. ಒಳಗಿನಿಂದ ಇನ್ನೊಬ್ಬನನ್ನೂ ಕರೆದು ತೋರಿಸಿದ.

"ಏನ್ಲಾ ಹಂಗ್ ನೋಡ್ತೀಯ? ನುಂಗೋದನ್ನ ಅಗಿದ್ರೆ ಹಲ್ಲಿಗೆ ಅಂಟ್ಕೊಳಲ್ವೇನ್ಲಾ?" ಎಂದಳು ಅವನಿಗೆ. ಶಾಲಿನಿ ಕೊಟ್ಟ ಡಬ್ಬಿ ಅದನ್ನು ಚಾಚೂತಪ್ಪದೆ ಅವನ ಭಾಷೆಗೆ ದಾಟಿಸಿತು. ಅವನು ಗಂಭೀರನಾಗಿ ತಲೆಯಾಡಿಸಿದ. ಡಬ್ಬಿಯ ಕನ್ನಡದ ದನಿ ವಾರ್ತೆ ಓದುವ ಹೆಂಗಸಿನದು. ಏನು ಹೇಳಿದರೂ ದೇಶಕ್ಕೆ ಏನೋ ಆಗಿದೆ ಅನ್ನಿಸುತ್ತದೆ. ರತ್ನಮ್ಮ ಅದಕ್ಕೆ ಡಬ್ಬಿ ಅಮ್ಮಣ್ಣಿ ಎಂದು ಹೆಸರಿಟ್ಟಳು.

ಬೆಳಿಗ್ಗೆ ಎದ್ದು ನೋಡಿದರೆ ಹೋಟೆಲಿನ ಮುಂದಿನ ರಸ್ತೆಯುದ್ದಕ್ಕೂ ಹಿಪ್ಪುನೇರಳೆ. ನಮ್ಮಲ್ಲಿನ ಹಾಗೆ ಸೊಂಟದೆತ್ತರದ ಗಿಡಗಳಲ್ಲ. ಬೊಡ್ಡೆ ತಬ್ಬಿದರೆ ಕೈ ಸೇರದ ಮರಗಳು. ಅಂಗೈಯಗಲದ ಸೊಪ್ಪು, ಹಸಿರು ಉಕ್ಕುತ್ತಿದೆ, ಕೊಯ್ಯುವವರಿಲ್ಲ.

"ಎಲ್ಲಾ ಹಂಗೇ ಉದುರಿ ಹೋಗುತ್ತಲ್ಲಣ್ಣಯ್ಯ," ಎಂದು ರತ್ನಮ್ಮ ಕೆನ್ನೆಗೆ ಕೈ ಇಟ್ಟಳು. "ಪಾಪ ಸುತ್ಕೊಳಲ್ವಾ ಈ ಜನಕ್ಕೆ?"

ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಾಲ್ಕು ಎಲೆ ಕಿತ್ತು ರಸ ನೋಡುವಷ್ಟರಲ್ಲಿ ಮೇಲಿನ ಕಿಟಕಿಯಿಂದ ಮುದುಕನೊಬ್ಬ ಕೂಗಿಕೊಂಡ. ಡಬ್ಬಿ ಅಮ್ಮಣ್ಣಿ ವಾರ್ತೆ ಓದಿದಳು: "ಇದು ಪುರಸಭೆಯ ಮರ. ನೀವು ಯಾರು? ನಿಮ್ಮ ಉದ್ದೇಶವೇನು?" ಸರಿಯಾದ ಪ್ರಶ್ನೆಗಳು. ನಾನೂ ಅವನ ಜಾಗದಲ್ಲಿದ್ದರೆ ಇವನ್ನೇ, ಇದೇ ಕ್ರಮದಲ್ಲಿ ಕೇಳುತ್ತಿದ್ದೆ.

ತಿರುಗುವ ಮೇಜು

ಮೇಳ ನಡೆದದ್ದು ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ದೊಡ್ಡ ಕಟ್ಟಡದಲ್ಲಿ. ನೂಲು ನಿಂತು ಬಹಳ ಕಾಲವಾಗಿದೆ. ಈಗ ಒಳಗೆಲ್ಲ ಪರದೆಗಳು. ನಡುವೆ ಒಂದು ದುಂಡು ಮೇಜು, ಸುತ್ತ ಕ್ಯಾಮೆರಾಗಳು ಪಂಚಾಯಿತಿಗೆ ಕೂತ ಹಾಗೆ ಕೂತಿವೆ. ಮಾರ್ಕೊ ಬಿಳಿ ಕೈಗವಸು ತೊಟ್ಟು ಚಂದ್ರಿಕೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ. ಅದನ್ನು ಓರೆಯಾಗಿ ಒರಗಿಸಬೇಕು, ಗೂಡು ಕಟ್ಟುವ ಮುಂಚೆ ಹುಳ ಉಚ್ಚೆ ಹುಯ್ಯುತ್ತದೆ, ಅದು ಸೋರಿ ಹೋಗಬೇಕು ಎಂದೆ. ಡಬ್ಬಿ ಹೇಳಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಯಾವುದಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಮೇಜು ತಿರುಗಿತು, ಬೆಳಕು ಮಿಂಚಿತು. ಸ್ವಲ್ಪ ಹೊತ್ತಿಗೆ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಇನ್ನೊಂದು ಚಂದ್ರಿಕೆ ಮೂಡಿ, ಯಾವುದಕ್ಕೂ ಆತುಕೊಳ್ಳದೆ ಗಾಳಿಯಲ್ಲಿ ತಾನೇ ತಿರುಗತೊಡಗಿತು. ರತ್ನಮ್ಮನ ಬೆರಳಿನ ಗುರುತಿನ ಸಮೇತ. ಒಂದು ಕಡೆ ಸೀಳು ಸ್ವಲ್ಪ ದಪ್ಪವಾಗಿದ್ದದ್ದೂ ಅಲ್ಲಿ ಬೆಟ್ಟದ ಹಾಗೆ ಕಂಡಿತು. ಅವಳು ಸೆರಗು ಬಾಯಿಗಿಟ್ಟುಕೊಂಡು, "ಅಮ್ಮಮ್ಮಾ, ಅಲ್ಲೊಂದು ಗಂಟು ಸಡಿಲ ಬಿಟ್ಟಿದೀನಿ ನೋಡಣ್ಣಯ್ಯ," ಎಂದಳು. ನನಗೆ ಗಂಟಲ್ಲ ಕಂಡದ್ದು. ಅಷ್ಟು ಸಲೀಸಾಗಿ ಎತ್ತಿಕೊಂಡರಲ್ಲ, ಎಂಬುದು ಕಂಡಿತು.

ಆಮೇಲೆ ದನಿ ಹಿಡಿಯುವ ಕೆಲಸ. ಚಿಕ್ಕ ಕೋಣೆ, ಗೋಡೆಗೆಲ್ಲ ಸ್ಪಂಜು. ಡಬ್ಬಿ ಅಮ್ಮಣ್ಣಿ ಕೇಳಿದಳು: "ಈ ವಸ್ತುವಿನ ಗುಣಮಟ್ಟದ ಬಗ್ಗೆ ತಮ್ಮ ಅಭಿಪ್ರಾಯವೇನು?"

ಯಾವನೋ ಗುರುತಿಲ್ಲದವನು, ಗುರುತಿಲ್ಲದ ಊರಿನಲ್ಲಿ, ಹುಳ ಮನೆಯಲ್ಲಿರುವಾಗ ಇಂಥ ಪ್ರಶ್ನೆ ಕೇಳಿದರೆ ಕಸುಬಿನವನು ಏನು ಹೇಳಬೇಕೋ ಅದನ್ನೇ ಹೇಳಿದೆ. "ಏನೋ ಐತೆ. ಹೇಳ್ಕೊಳ್ಳೋ ಅಂಥದ್ದೇನಿಲ್ಲ. ಅರ್ಧ ಹುಳ ಸಾಯ್ತವೆ, ಮಿಕ್ಕಿದ್ದು ಹೆಂಗೋ ಗೂಡು ಕಟ್ತವೆ. ನಮ್ಮ ಹಣೇಬರ."

ರತ್ನಮ್ಮನನ್ನು ಅವಳ ಕೈಗೆಲಸದ ಬಗ್ಗೆ ಕೇಳಿತು. ಅವಳಾದರೂ ಕಡಿಮೆಯೇ? "ನಂದೇನೈತೆ ತಾಯೀ, ಸೊಟ್ಟಪಟ್ಟ ಕೈ. ಬೇರೆ ಕೆಲ್ಸ ಬರಲ್ಲ, ಮಾಡ್ತೀನಿ."

ಇಬ್ಬರೂ ತೃಪ್ತಿಯಿಂದ ಹೊರಗೆ ಬಂದೆವು. ಮಾತಿನಲ್ಲಿ ಯಾರಿಗೂ ಏನೂ ಬಿಟ್ಟುಕೊಡದ ಸಮಾಧಾನ. ಈ ಡಬ್ಬಿ ಸುಳ್ಳು ಹೇಳುತ್ತದೆ, ಎಲ್ಲೋ ಒಂದು ಕಡೆ ಕೈ ಕೊಡುತ್ತದೆ ಎಂದು ನಾನು ಮೊದಲಿನಿಂದ ಅನುಮಾನಿಸಿದ್ದೆ. ಅದು ಸುಳ್ಳು ಹೇಳಲಿಲ್ಲ. ಕಷ್ಟ ಶುರುವಾದದ್ದೇ ಅಲ್ಲಿಂದ.

ಮೇಳದ ಮೊದಲ ಬೆಳಿಗ್ಗೆ

ಬಾಗಿಲು ತೆರೆದದ್ದೇ ಜನ ಬಂದರು. ಕೊಳ್ಳುವವರೂ ಬಂದಿದ್ದರು: ಹೋಟೆಲು ಸಿಂಗರಿಸುವವರು, ಅಂಗಡಿಯವರು. ಚಂದ್ರಿಕೆಯನ್ನು ಅವರು ಗೋಡೆಗೆ ತೂಗುಹಾಕಲು, ದೀಪದ ಮುಂದೆ ಇಡಲು ಕೊಳ್ಳುತ್ತಾರಂತೆ. ನನಗೆ ಇದು ಹುಚ್ಚು ಅನ್ನಿಸಿತು. "ಗೋಡೆಗಾದ್ರೂ ಹಾಕ್ಕೊಳ್ಳಲಿ, ತಲೆಗಾದ್ರೂ ಹಾಕ್ಕೊಳ್ಳಲಿ, ಹೆಣೆಯೋಳು ನಾನು ತಾನೇ," ಎಂದಳು ರತ್ನಮ್ಮ. ಇಸ್ತ್ರಿ ಸೀರೆ ಉಟ್ಟು, ಹೂವಿಲ್ಲದ ಊರಿನಲ್ಲಿ ಹೂವಿನ ಕೊರತೆಯನ್ನು ಅರಿಶಿನದಲ್ಲಿ ತುಂಬಿಕೊಂಡು ನಿಂತಿದ್ದಳು.

ವಿಚಿತ್ರ ಏನೆಂದರೆ, ನಮ್ಮ ಪರದೆಯ ಮುಂದೆ ಬಂದವರು ಚಂದ್ರಿಕೆಯನ್ನು ನೋಡಿ ಹಿಗ್ಗುತ್ತಿದ್ದರು. ಪಕ್ಕದ ಬರಹ ಓದುತ್ತಿದ್ದರು. ಮುಖ ಸಣ್ಣದು ಮಾಡಿಕೊಂಡು ನಮ್ಮ ಕಡೆ ಕನಿಕರದಿಂದ ನೋಡಿ ಪಕ್ಕಕ್ಕೆ ಸರಿಯುತ್ತಿದ್ದರು. ಒಬ್ಬ ಹೆಂಗಸಿನ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿ ಮರದ ಗಂಟೆ ಕೆತ್ತುವವನ ಮುಂದೆ ಗುಂಪೋ ಗುಂಪು.

"ಏನೋ ಐತೆ ಇಲ್ಲಿ," ಎಂದಳು ರತ್ನಮ್ಮ. "ಏಂದಿ ಇದಿ, ಏನಿದು? ಓದ್ಸಣ್ಣಯ್ಯ."

ಪರದೆಯ ಮೂಲೆಯಲ್ಲಿ ಭಾಷೆಗಳ ಗುಂಡಿಗಳಿದ್ದವು. ಕನ್ನಡದ್ದನ್ನು ಒತ್ತಿದೆ. ಡಬ್ಬಿ ಅಮ್ಮಣ್ಣಿಯದೇ ದನಿ, ಈಗ ಇಡೀ ಹಾಲಿಗೆ ಕೇಳುವಂತೆ: "ಇದು ಹೇಳಿಕೊಳ್ಳುವಂಥ ವಸ್ತುವಲ್ಲ. ಬಳಕೆದಾರರ ಪ್ರಕಾರ ಇದರಲ್ಲಿ ಅರ್ಧದಷ್ಟು ಹುಳುಗಳು ಸಾಯುತ್ತವೆ. ಹೆಣೆಯುವವರ ಕೈ ಸೊಟ್ಟಪಟ್ಟವಾಗಿದ್ದು, ಬೇರೆ ಕೆಲಸ ತಿಳಿಯದ ಕಾರಣ ಇದನ್ನು ಮಾಡುತ್ತಾರೆ."

ಇಷ್ಟು ನಿಷ್ಠೆಯಿಂದ ನನ್ನ ಮಾತನ್ನು ಜೀವಮಾನದಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ.

ರತ್ನಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅರ್ಧ ಹುಳ ಸಾಯ್ತವೆ ಅಂದ್ಯಾ?"

"ಊರಲ್ಲಿ ಹಂಗೇ ಅಲ್ವೇನಮ್ಮಾ ಅನ್ನೋದು..."

"ಊರಲ್ಲಿ ಅಂದ್ರೆ ಊರೋರಿಗೆ ಗೊತ್ತಾಗುತ್ತೆ! ಈ ಡಬ್ಬಿ ಯಾವೂರ್ದು, ಇದಕ್ಕೇನು ಗೊತ್ತು? ಅಳಿಯನ್ನ ಹೊರಗೆ ಕೂರಿಸ್ದಂಗೆ ನನ್ನೂ ಕೂರಿಸ್ಬಿಟ್ಟೆ ನೀನು."

"ನೀನೂ ಸೊಟ್ಟ ಕೈ ಅಂದಿಯಲ್ಲ?"

"ಅಂದೆ. ನನ್ನ ಬಾಯಿಗಿಷ್ಟು ಮಣ್ಣ್ ಹಾಕ." ಅಷ್ಟಂದು ಪರದೆಗೆ ಬೆನ್ನು ತಿರುಗಿಸಿದಳು. ಯಾರಿಗೂ ಅಲ್ಲದ ಹಾಗೆ, "ಕ್ಯಾಂಟೀನಲ್ಲಿ ತಟ್ಟೆಗೆ ಬಿಸಿನೀರು ಕೊಡ್ತಾರಂತೆ, ಕೈ ನೋಯಲ್ಲಂತೆ," ಎಂದಳು.

ಮಾರ್ಕೊನನ್ನು ಹಿಡಿದೆವು. ಅವನು ಗಾಬರಿಯಾದ, ನಮ್ಮ ಪ್ರಾಮಾಣಿಕತೆಯನ್ನು ಮೆಚ್ಚಿ ರಾತ್ರಿ ಮನೆಯಲ್ಲೂ ಹೇಳಿದ್ದನಂತೆ. ಬದಲಾಯಿಸಬಹುದು, ಈಗಲೇ ಬೇಕಾದರೂ, ಆದರೆ ನಮ್ಮದೇ ದನಿಯಲ್ಲಿ ಹೊಸದಾಗಿ ಹೇಳಬೇಕು. ವಸ್ತು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ, ಸಾಕು, ಎಂದ.

ಸಾಕು ಎನ್ನುವುದು ಸುಲಭ. ಹಿಂದಿನ ರಾತ್ರಿ ಹೆಂಡತಿ ಫೋನಿನಲ್ಲಿ ಹೇಳಿದ್ದಳು, ಹುಳ ನಾಲ್ಕನೇ ಜ್ವರ ಎದ್ದವೆ, ಸೊಪ್ಪು ಬಾಚಿ ತಿಂತಾವೆ ಎಂದು ಪಿಸುಗುಟ್ಟಿ, ತಕ್ಷಣ "ಏನೋ ಅವೆ ಬಿಡ್ರೀ" ಎಂದು ಗಟ್ಟಿಯಾಗಿ ಸೇರಿಸಿದ್ದಳು. ಅದೇ ಕೊನೆಯ ಜ್ವರ; ಇನ್ನು ಹುಳ ಹಣ್ಣಾಗುವ ಹೊಸ್ತಿಲಲ್ಲಿದೆ. ಈಗ ನಾನು ಪ್ರಪಂಚದವರೆಲ್ಲ ಕೇಳುವ ಹಾಗೆ, ನಮ್ಮ ಮನೆಯ ಹುಳ ಈ ಚಂದ್ರಿಕೆಯಲ್ಲಿ ಚಂದದ ಗೂಡು ಕಟ್ಟುತ್ತವೆ ಎಂದು ಕೊಚ್ಚಿಕೊಳ್ಳಬೇಕು. ಅಳಿಯ ಒಂದು ಬಾಗಿಲಲ್ಲಿ ಹೇಳಿದ್ದಕ್ಕೆ ಒಂದು ಬೆಳೆ ಹೋಯಿತು. ಇದು ಲೆಕ್ಕವಿಲ್ಲದಷ್ಟು ಬಾಗಿಲು.

ಬಾಯಿ ತೆರೆದೆ. ಮತ್ತೆ "ಏನೋ ಐತೆ" ಎಂದೇ ಬಂತು. ರತ್ನಮ್ಮ ನೋಡುತ್ತಿದ್ದಳು.

ಪಿಯೆರೀನಾ ಅಜ್ಜಿ

ಆಗ ಬಂದವಳು ಪಿಯೆರೀನಾ ಅಜ್ಜಿ. ಬಾಗಿದ ಬೆನ್ನು, ಕಪ್ಪು ಬಟ್ಟೆ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮಗಳ ತೋಳಿನಲ್ಲಿ. ಪರದೆಯ ಕಡೆ ಕಣ್ಣು ಹಾಯಿಸದೆ ನೇರವಾಗಿ ಬಿದಿರಿನ ಚಂದ್ರಿಕೆಯ ಹತ್ತಿರ ಬಂದು, ಮುಟ್ಟಬಾರದು ಎಂಬ ಫಲಕದ ಮೇಲೆಯೇ ಕೋಲು ಒರಗಿಸಿ, ಸುತ್ತುಗಳ ನಡುವೆ ಬೆರಳು ತೂರಿಸಿದಳು. ಎರಡು ಹುಳ ಒಟ್ಟಿಗೆ ನುಸುಳದಷ್ಟು ಕಿರಿದಾಗಿದೆಯೋ ಎಂದು ನಾವು ನೋಡುತ್ತೇವಲ್ಲ, ಥೇಟು ಹಾಗೆ. ರತ್ನಮ್ಮ ನನ್ನ ತೋಳು ತಿವಿದಳು. "ಈಯಮ್ಮ ಹುಳ ಸಾಕಿರೋಳು."

ಹೌದು. ಅವಳ ತಾಯಿ ಅಡುಗೆಮನೆಯಲ್ಲೇ ಸಾಕುತ್ತಿದ್ದಳಂತೆ. ಮೊಟ್ಟೆಗಳಿಗೆ ಕಾವು ಬೇಕೆಂದು ಬಟ್ಟೆಯಲ್ಲಿ ಕಟ್ಟಿ ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳಂತೆ. ಗೂಡು ಕಟ್ಟಲು ಒಣಟೊಂಗೆಗಳ ಪೊದೆ ನಿಲ್ಲಿಸುತ್ತಿದ್ದರಂತೆ. ಮಗಳು ಪರದೆಯ ಬರಹವನ್ನು ಅವಳ ಕಿವಿಯಲ್ಲಿ ಓದಿದಳು. "ಅರ್ಧ ಹುಳುಗಳು ಸಾಯುತ್ತವೆ" ಬಂದಾಗ ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಕ್ಕು ನಕ್ಕು ಕೆಮ್ಮು ಹತ್ತಿತು.

ಡಬ್ಬಿ ಹೇಳಿತು: "ನನ್ನ ತಾಯಿಯೂ ಪ್ರತಿವರ್ಷ ಹೀಗೆಯೇ ಹೇಳುತ್ತಿದ್ದಳು. ಎಲ್ಲವೂ ಸಾಯುತ್ತಿವೆ ಎನ್ನುತ್ತಿದ್ದಳು. ಮೊದಲನೆಯದಾಗಿ ದೃಷ್ಟಿಯ ಭಯ. ಎರಡನೆಯದಾಗಿ, ಕೇಳಲು ಬರುತ್ತಿದ್ದವನು ಜಮೀನುದಾರನ ಮನುಷ್ಯ. ಗೂಡಿನಲ್ಲಿ ಅರ್ಧ ಅವನದು."

ನಾನು ಇಷ್ಟು ಕಾಲ ನಮ್ಮ ಮಾತಿನ ರೀತಿಯನ್ನು ವಿನಯ ಎಂದುಕೊಂಡಿದ್ದೆ. ಬೇರೆಯವರು ಮೂಢನಂಬಿಕೆ ಎಂದಾಗ ಒಳಗೊಳಗೇ ಒಪ್ಪಿ ಹೊರಗೆ ಜಗಳವಾಡಿದ್ದೆ. ಅದು ಎರಡೂ ಅಲ್ಲದಿರಬಹುದು, ಯಾವನೋ ಪಾಲು ಕೇಳಲು ಬರುವವನ ಮುಂದೆ ನಮ್ಮ ಅಜ್ಜಂದಿರು ಎಳೆದ ತೆರೆ ಇರಬಹುದು ಎಂದು ಇಟಲಿಯ ಮುದುಕಿಯೊಬ್ಬಳು ಹೇಳಬೇಕಾಯಿತು. ಆ ಕ್ಷಣದಲ್ಲಿ ನನಗೆ ನನ್ನ ಅನುಮಾನದ ಮೇಲೆಯೇ ಅನುಮಾನ ಬಂತು. ಒಳ್ಳೆಯ ಲಕ್ಷಣವಲ್ಲ.

"ಸರಿ," ಎಂದೆ ರತ್ನಮ್ಮನಿಗೆ. "ಆದ್ರೆ ಇಲ್ಲೂ ಪಾಲು ಕೇಳೋಕೆ ಬಂದೋರು ಅವರೇ ಅಲ್ವೇನಮ್ಮಾ? ಅಗೋ ನೋಡು, ನಿನ್ನ ಚಂದ್ರಿಕೆ ಎತ್ಕೊಂಡು ಗೋಡೆ ಮೇಲೆ ತಿರುಗಿಸ್ತಾವ್ರೆ. ಚೆನ್ನಾಗೈತೆ ಅಂತ ನಾವೇ ಯಾಕೆ ಹೇಳ್ಬೇಕು?"

"ಅಣ್ಣಯ್ಯ," ಎಂದಳು. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಬೀದೀಲಿ ಎಲ್ರೂ ಬಚ್ಚಿಟ್ಟೋರೇ. ಕೈ ಸೊಟ್ಟ, ಕಸುಬು ಕೆಟ್ಟದ್ದು, ಏನೋ ಹೊಟ್ಟೆಪಾಡು ಅಂತ ಹೇಳ್ಕೊಂಡು ಹೇಳ್ಕೊಂಡು, ಮಕ್ಕಳೂ ಅದನ್ನೇ ನಿಜ ಅಂದ್ಕೊಂಡ್ವು. ವ್ಯಾನ್ ಹತ್ತಿದ್ವು. ಈ ಡಬ್ಬಿ ಮಾಡಿದ್ದೂ ಅದನ್ನೇ ತಾನೇ? ನಾವಂದಿದ್ದನ್ನ ನಂಬ್ತು."

ನಾನು ಮಾರ್ಕೊನ ಕಡೆ ತಿರುಗಿ, ಹೇಳುತ್ತೇನೆ ಎಂದೆ.

ಪಿಯೆರೀನಾ ಅಜ್ಜಿ ಲಂಗದ ಜೇಬಿನಿಂದ ಹಳೆಯ ಕಬ್ಬಿಣದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು. ಅವರ ಕಡೆ ದೃಷ್ಟಿ ತಾಗಬಾರದೆಂದರೆ ಕಬ್ಬಿಣ ಮುಟ್ಟುತ್ತಾರಂತೆ. ನಮ್ಮಲ್ಲೂ ಹುಳದ ಮನೆಯ ಹೊಸ್ತಿಲಿಗೆ ಲಾಳ ಹೊಡೆಯುತ್ತೇವೆ. ಮಾರ್ಕೊ ನಮ್ಮನ್ನು ಮತ್ತೆ ದನಿ ಹಿಡಿಯುವ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದ. ಬೀಗದ ಕೈ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಮನೆಯ ಹುಳಗಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಹೇಳಿದೆ:

"ಇದು ನಮ್ಮೂರ ರತ್ನಮ್ಮ ಹೆಣೆದ ಚಂದ್ರಿಕೆ. ಚೆನ್ನಾಗಿದೆ. ನಾನು ಬೆಳೆ ತೆಗೆಯೋಕೆ ಶುರು ಮಾಡಿದಾಗಿನಿಂದ ಇವರ ಮನೆಯದ್ದೇ ಬಳಸೋದು. ಸುತ್ತು ಬಿಗಿಯಾಗಿರುತ್ತೆ, ಹುಳಕ್ಕೆ ಎರಡು ಕಡೆ ಆನಿಸಿಕೊಳ್ಳೋಕೆ ಸಿಗುತ್ತೆ. ಪ್ಲಾಸ್ಟಿಕ್ಕಿನ ಹಾಗೆ ಬೆವರಲ್ಲ. ಗೂಡು ಗಟ್ಟಿಯಾಗಿ, ಕಲೆಯಿಲ್ಲದೆ ಬರುತ್ತೆ."

ಮುಗಿಸಿ ಬೀಗದ ಕೈ ಮುಂದಕ್ಕೆ ಚಾಚಿದೆ. ರತ್ನಮ್ಮನ ಸರದಿ. ಅವಳು ಅಜ್ಜಿಯ ಬೀಗದ ಕೈ ಬೇಡವೆಂದಳು. ಕಬ್ಬಿಣ ಅಂದರೆ ತನ್ನ ಮಚ್ಚು, ಅದನ್ನು ವಿಮಾನದವರು ಬಿಡಲಿಲ್ಲವಲ್ಲ ಎಂದು ಬೈದಳು. ಯಂತ್ರದ ಕಡೆ ನೋಡದೆ, ಪರದೆಯ ಮೇಲೆ ತಿರುಗುತ್ತಿದ್ದ ತನ್ನ ಕೆಲಸವನ್ನು ಕೋಣೆಯ ಗಾಜಿನ ಕಿಟಕಿಯಿಂದ ನೋಡುತ್ತಾ, "ನನ್ನ ಕೈ ಸೊಟ್ಟ ಅಲ್ಲ," ಎಂದಳು. ಅಷ್ಟೇ. ಇನ್ನೂ ಹೇಳಿ ಎಂದು ಮಾರ್ಕೊ ಸನ್ನೆ ಮಾಡಿದ. ಅವಳು ಎದ್ದು ಹೊರಟಳು.

ಆ ಮಾತನ್ನು ಡಬ್ಬಿ ಅಮ್ಮಣ್ಣಿ ಇಟಾಲಿಯನ್ನಿನಲ್ಲಿ ಹಾಲಿಗೆಲ್ಲ ಓದಿದಾಗ ಗಂಟೆ ಕೆತ್ತುವವನ ಮುಂದಿದ್ದ ಕೆಲವರು ಇತ್ತ ತಿರುಗಿದರು. ಕೆಲವರು ಬಂದರು. ಕೆಲವರು ಫೋನಿನಲ್ಲಿ ಏನೇನೋ ಒತ್ತಿಕೊಂಡರು. ಒತ್ತಿದ್ದು ಕೊಳ್ಳುವುದಕ್ಕೋ ಫೋಟೋ ತೆಗೆಯುವುದಕ್ಕೋ ತಿಳಿಯುವುದು ಹೇಗೆ?

ಹೊರಡುವ ದಿನ ಮಾರ್ಕೊ ನನಗೊಂದು ಪೊಟ್ಟಣ ಕೊಟ್ಟ. ಬಿಚ್ಚಿದರೆ ಅಂಗೈಯಗಲದ ಚಂದ್ರಿಕೆ. ಬಿಳಿ ಪ್ಲಾಸ್ಟಿಕ್. ರತ್ನಮ್ಮನ ಸಡಿಲ ಗಂಟೂ ಅದರಲ್ಲಿತ್ತು. ಯಂತ್ರ ಒಂದೇ ರಾತ್ರಿಯಲ್ಲಿ ಮುದ್ರಿಸಿತು, ನಿಮ್ಮ ನೆನಪಿಗೆ, ಎಂದು ಹಿಗ್ಗಿನಿಂದ ನಕ್ಕ. ನಾನೂ ನಕ್ಕೆ. ಚೀಲದ ತಳಕ್ಕೆ ತುರುಕಿದೆ.

ಮತ್ತೆ ಶ್ರೀನಿವಾಸಪುರ

ಮನೆ ಮುಟ್ಟಿದಾಗ ಮಾವಿನ ಲಾರಿಗಳ ದೂಳು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಹುಳ ಹೆಂಗವೆ?"

"ಏನೋ ಅವೆ," ಎಂದಳು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ.

ಒಳಗೆ ಹೋಗಿ ನೋಡಿದೆ. ಹೇಗಿದ್ದವು ಎಂದು ಇಲ್ಲಿ ಬರೆಯುವುದಿಲ್ಲ. ಓದುವವರು ಯಾರು ಯಾರೋ ಇರುತ್ತಾರೆ.

ಹಣ್ಣಾದ ಹುಳಗಳನ್ನು ಚಂದ್ರಿಕೆಗೆ ಬಿಡುವ ದಿನ ಒಂದು ಕೆಲಸ ಮಾಡಿದೆ. ಮಾರ್ಕೊನ ಬಿಳಿ ಪ್ಲಾಸ್ಟಿಕ್ ಚಂದ್ರಿಕೆಯನ್ನು ಯಾರಿಗೂ ಕಾಣದ ಮೂಲೆಯಲ್ಲಿ ಓರೆಯಾಗಿ ಒರಗಿಸಿ, ಒಂದೇ ಒಂದು ಹುಳ ಅದರಲ್ಲಿ ಬಿಟ್ಟೆ. ಅದು ಇಳಿದು ಓಡಿಹೋಗುತ್ತದೆ, ತಲೆ ಎತ್ತಿ ಧಿಕ್ಕರಿಸುತ್ತದೆ, ಕನಿಷ್ಠ ಒಂದು ದಿನವಾದರೂ ಯೋಚಿಸುತ್ತದೆ ಎಂದು ನಂಬಿದ್ದೆ. ಬೆಳಿಗ್ಗೆ ನೋಡಿದರೆ ಆಗಲೇ ಗೂಡಿನ ಮೊದಲ ಎಳೆಗಳನ್ನು ಹೂಡಿ ಒಳಗೆ ಕೂತಿತ್ತು. ಈ ವಿಷಯ ರತ್ನಮ್ಮನಿಗೆ ಹೇಳಿಲ್ಲ. ತಾವೂ ಹೇಳಬಾರದಾಗಿ ಕೋರಿಕೆ.

ಗೂಡು ಮಾರಿ ಬಂದ ಮೇಲೆ ಒಂದು ಬೆಳಿಗ್ಗೆ ಮೇದರ ಬೀದಿಗೆ ಹೋದೆ. ಆರ್ಡರಿನ ವಿಚಾರವಾಗಿ ಶಾಲಿನಿಯ ಫೋನು ಇಷ್ಟರಲ್ಲಿ ಬಂದಿರಬೇಕಿತ್ತು. ಬಂದಿದ್ದರೆ ರತ್ನಮ್ಮನಿಗೇ ಬಂದಿರಬೇಕು. ಬೀದಿಯ ತುದಿಯಲ್ಲಿ ಕಾರ್ಖಾನೆಯ ವ್ಯಾನು ನಿಂತಿತ್ತು. ಹೆಂಗಸರು ಹತ್ತಿಕೊಂಡರು. ಅದು ರತ್ನಮ್ಮನ ಮನೆಯ ಮುಂದೆ ಬಂತು. ಚಾಲಕ ಇತ್ತ ನೋಡಿದ. ಹಾರನ್ ಹೊಡೆಯದೆ ಹೋದ.

ಅವನ ಹಾರನ್ ನಿಂತದ್ದು ಯಾಕೆಂದು ನನಗೆ ಅನುಮಾನ. ಮನೆಯ ಮುಂದೆ ದಾರಿಗೆ ಅರ್ಧ ಅಡ್ಡವಾಗಿ ಲಾರಿಯೊಂದು ನಿಂತಿತ್ತು, ಅದನ್ನು ನೋಡಿಯೇ ಇರಬಹುದು. ಲಾರಿಯಿಂದ ಹಸಿ ಬಿದಿರು ಇಳಿಸುತ್ತಿದ್ದರು. ಅಂಗಳ ತುಂಬಿ, ಪಕ್ಕದ ಮನೆಯ ಜಗುಲಿಯವರೆಗೂ ಬಿದಿರು. ರತ್ನಮ್ಮ ನಡುವೆ ಕೂತು ಮಚ್ಚು ಮಸೆಯುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ಹೋದ ವರ್ಷ ವ್ಯಾನ್ ಹತ್ತಿದ್ದವಳು, ಸೀಳು ತೆಳ್ಳಗೆ ಮಾಡುತ್ತಿದ್ದಳು.

"ಏನಮ್ಮಾ ರತ್ನಮ್ಮ, ಇಟಲಿಯೋರ ಆರ್ಡರ್ ಬಂತಾ?" ಎಂದೆ.

ಅವಳು ತಲೆ ಎತ್ತಲಿಲ್ಲ. ಮಚ್ಚಿನ ಅಲಗಿಗೆ ಹೆಬ್ಬೆರಳು ಆನಿಸಿ, ಆ ಕಬ್ಬಿಣವನ್ನು ಬಿಡದೆ ಹಿಡಿದುಕೊಂಡೇ, "ಏನೋ ಅಣ್ಣಯ್ಯ," ಎಂದಳು. "ಹೇಳ್ಕೊಳ್ಳೋ ಅಂಥದ್ದೇನಿಲ್ಲ. ಈ ಸಲ ಕೈ ಕೊಡೋ ಹಂಗೈತೆ."

"ಅಯ್ಯೋ ಪಾಪ," ಎಂದೆ.